ಫೋನಿಗೆ ಏನೂ ಆಗಿಲ್ಲ

ಕಟ್ಟಡದ ಕೆಲಸದವರಲ್ಲಿ ಅವಳಿಗೆ ಮಟ್ಟಗೋಲು ಅಂತಲೇ ಹೆಸರು. ನೆಲ ಸಮ ಇದೆಯೋ ಇಲ್ಲವೋ ಅಂತ ಬೇರೆಯವರು ಗಾಜಿನೊಳಗೆ ಗುಳ್ಳೆ ಓಡಾಡುವ ಮಟ್ಟಗೋಲು ಇಟ್ಟು ನೋಡಿದರೆ, ಇವಳು ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು, ಈ ಮೂಲೆ ಒಂದು ನೂಲಿನಷ್ಟು ಎದ್ದಿದೆ ನೋಡಿ ಅನ್ನುತ್ತಿದ್ದಳು. ಆಮೇಲೆ ಗೋಲು ಇಟ್ಟರೆ ಸರಿಯಾಗಿ ಅಷ್ಟೇ ಎದ್ದಿರುತ್ತಿತ್ತು. ಹದಿನಾರು ವರ್ಷದಿಂದ ಟೈಲ್ಸ್ ಕೂರಿಸುವ ಕೆಲಸ, ಅದರಲ್ಲಿ ಹನ್ನೊಂದು ವರ್ಷ ಒಬ್ಬನೇ ಮೇಸ್ತ್ರಿಯ ಕೈಕೆಳಗೆ. ಹೆಂಗಸು ಸಿಮೆಂಟು ಹೊತ್ತು ಕೊಟ್ಟರೆ ಸಾಕು, ಟೈಲ್ಸಿಗೆ ಯಾಕೆ ಕೈ ಹಾಕಬೇಕು ಅಂದವರೇ ಆಮೇಲೆ ತಮ್ಮ ಮನೆಯ ನೆಲಕ್ಕೆ ಅವಳೇ ಬರಲಿ ಅಂತ ಕಾದು ಕೂತಿದ್ದರು. ಬಾಯಿ ಸ್ವಲ್ಪ ಜೋರು. ಆದರೆ ಕೈ ಅದಕ್ಕಿಂತ ಜೋರು ಇದ್ದದ್ದರಿಂದ ಎಲ್ಲರೂ ಬಾಯನ್ನು ಸಹಿಸಿಕೊಂಡಿದ್ದರು.

ಈ ಸಲದ ಕೆಲಸ ಏಳು ಮಹಡಿಯ ಒಂದು ಕಟ್ಟಡದಲ್ಲಿ. ಅಲ್ಲಿ ಕಂಪನಿಯ ಕಡೆಯಿಂದ ಒಬ್ಬ ಎಂಜಿನಿಯರ್ ಇದ್ದ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಕೆಟ್ಟವನಲ್ಲ, ಕೆಲಸದವರನ್ನು ಬೈಯುತ್ತಲೂ ಇರಲಿಲ್ಲ. ಆದರೆ ಅವನ ಕಣ್ಣು ಸದಾ ಫೋನಿನಲ್ಲಿ. ಒಂದು ತಿಂಗಳ ಹಿಂದೆ ದುಬಾರಿಯದೊಂದು ಹೊಸ ಫೋನು ತಗೊಂಡಿದ್ದ. ಅದಕ್ಕೆ ತಕ್ಕ ಹಾಗೆ ಕವರು: ಕಪ್ಪು ರಬ್ಬರಿನದು, ಒಂದು ಬೆರಳು ದಪ್ಪ, ನಾಲ್ಕು ಮೂಲೆಯಲ್ಲೂ ಗಟ್ಟಿಯಾದ ಉಬ್ಬು. ಎತ್ತರದಿಂದ ಬಿದ್ದರೂ ಒಡೆಯಲ್ಲ, ಲಾರಿ ಹರಿದರೂ ಒಡೆಯಲ್ಲ ಅಂತ ಊಟದ ಹೊತ್ತಿನಲ್ಲಿ ಎಲ್ಲರಿಗೂ ತೋರಿಸಿದ್ದ. ಎದೆಯೆತ್ತರದಿಂದ ನೆಲಕ್ಕೆ ಹಾಕಿಯೂ ತೋರಿಸಿದ. ಫೋನು ಟಪ್ಪಂತ ಬಿದ್ದು ಪುಟಿದು ನಿಂತಿತು. ಎಲ್ಲರೂ ಹೋ ಅಂದರು.

ಫೋನಿನ ಕವರು ಅನ್ನುವುದು ಅಲ್ಲಿ ಎಲ್ಲರಿಗೂ ಬೇಕಾದದ್ದೇ. ಸಿಮೆಂಟಿನ ಧೂಳು ಎಲ್ಲಿ ಬೇಕಾದರೂ ನುಗ್ಗುತ್ತದೆ, ಜೇಬಿನಲ್ಲಿ ಮೊಳೆ ಇರುತ್ತದೆ, ಕೈ ಒದ್ದೆ ಇರುತ್ತದೆ. ಮೇಸ್ತ್ರಿಯ ಕವರು ಒಂದು ಕಾಲಕ್ಕೆ ಬಿಳಿ ಇದ್ದದ್ದು ಈಗ ಹಳದಿಯಾಗಿತ್ತು. ಅದರ ಬೆನ್ನಲ್ಲಿ ಮಡಿಸಿಟ್ಟ ಚೀಟಿಗಳು, ಒಂದು ಬಸ್ ಪಾಸು, ಸತ್ತ ಅಪ್ಪನ ಸಣ್ಣ ಫೋಟೋ. ಬಣ್ಣದವರು ಸಾಕ್ಸಿನೊಳಗೆ ಹಾಕಿಡುತ್ತಿದ್ದರು. ಇವಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಊಟದ ಬುತ್ತಿಯ ಜೊತೆ ಇಟ್ಟುಬಿಡುತ್ತಿದ್ದಳು. ಕೆಲಸದ ಹೊತ್ತಿನಲ್ಲಿ ಅವಳಿಗೆ ಫೋನು ಬೇಕಾಗಿಯೂ ಇರಲಿಲ್ಲ.

ಆ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅವಳು ಕಟ್ಟಡದ ಮುಂಬಾಗಿಲ ಹತ್ತಿರ ಹೊರಗಿನ ನೆಲಕ್ಕೆ ಒರಟು ಟೈಲ್ಸ್ ಕೂರಿಸುತ್ತಿದ್ದಳು. ಮಂಡಿಯೂರಿ, ಮುಂದಕ್ಕೆ ಬಾಗಿ, ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಿದ್ದಳು. ತಲೆಯ ಮೇಲೆ ಹೆಲ್ಮೆಟ್ ಇತ್ತು. ಐದನೇ ಮಹಡಿಯಲ್ಲಿ ಇನ್ನೂ ಕಂಬಿ ಹಾಕದ ಬಾಲ್ಕನಿಯ ಅಂಚಿಗೆ ಎಂಜಿನಿಯರ್ ಬಂದು ನಿಂತ. ಮನೆ ಕೊಳ್ಳುವವರಿಗೆ ಕಳಿಸಲು ಮೇಲಿಂದ ಊರು ಹೇಗೆ ಕಾಣುತ್ತದೆ ಅಂತ ವಿಡಿಯೋ ಮಾಡುತ್ತಿದ್ದ. ಕೈ ಚಾಚಿದ, ಇನ್ನಷ್ಟು ಚಾಚಿದ. ಫೋನು ಜಾರಿತು.

ಹೆಲ್ಮೆಟ್ಟಿಗೂ ಅದು ಬಿದ್ದ ಜಾಗಕ್ಕೂ ನಡುವೆ ನಾಲ್ಕು ಬೆರಳು. ಬಲ ಹೆಗಲಿನ ಮುಂದಿನ ಎಲುಬಿನ ಮೇಲೆ ಕವರಿನ ಮೂಲೆ ನೇರ ಬಂದು ಕುಟ್ಟಿತು. ಎಲುಬು ಮುರಿದ ಸದ್ದು ಅವಳಿಗೆ ಕಿವಿಯಿಂದಲ್ಲ, ಹಲ್ಲಿನಿಂದ ಕೇಳಿಸಿತು. ಅಮ್ಮಾ ಅಂತ ಒಂದು ಕೂಗು ಹೊರಟದ್ದು ಗೊತ್ತು. ಆಮೇಲೆ ಹಸಿ ಸಿಮೆಂಟಿನ ಮೇಲೆ ಕೆನ್ನೆ ಊರಿದ್ದು ಗೊತ್ತು. ಜನ ಓಡಿ ಬಂದರು. ಯಾರ ಕಾಲು, ಯಾರ ದನಿ ಒಂದೂ ತಿಳಿಯಲಿಲ್ಲ. ಕಣ್ಣಿಗೆ ಕತ್ತಲೆ ಬಂತು.

ಆಸ್ಪತ್ರೆಯಲ್ಲಿ ಎಲುಬಿಗೆ ಉಕ್ಕಿನ ಪಟ್ಟಿ ಇಟ್ಟು ಆರು ಸ್ಕ್ರೂ ಹಾಕಿದರು. ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ, ಆಮೇಲೂ ಮೊದಲಿನಷ್ಟೇ ಕೈ ಬರುತ್ತದೆ ಅಂತ ಹೇಳಲಾಗದು ಅಂದರು ಡಾಕ್ಟರು. ಗಂಡ ಹಾಸಿಗೆಯ ಪಕ್ಕ ಕೂತಿದ್ದ. ಅವನು ಬಟ್ಟೆ ಹೊಲಿಯುವ ದೊಡ್ಡ ಅಂಗಡಿಯೊಂದರಲ್ಲಿ ಕಟಿಂಗ್ ಮಾಸ್ತರ. ಮಾತು ಕಡಿಮೆ, ಜಗಳ ಅಂದರೆ ಮಾರುದೂರ. ಅವನ ತಂಗಿ, ಟೈಪಿಂಗ್ ಅಂಗಡಿಯಲ್ಲಿ ಅರ್ಜಿಗಳನ್ನು ಬೆರಳಚ್ಚು ಮಾಡುವವಳು, ಇವರ ಜೊತೆಗೇ ಇದ್ದಳು. ಅತ್ತಿಗೆ ನಾದಿನಿಯರಿಗೆ ಹಾವು ಮುಂಗುಸಿಯಷ್ಟಲ್ಲದಿದ್ದರೂ ಬೆಕ್ಕು ಇಲಿಯಷ್ಟು ಇದ್ದೇ ಇತ್ತು. ಯಾರು ಬೆಕ್ಕು, ಯಾರು ಇಲಿ ಅನ್ನುವುದು ವಾರಕ್ಕೊಮ್ಮೆ ಬದಲಾಗುತ್ತಿತ್ತು. ಈಗ ಮಾತ್ರ ನಾದಿನಿ ದಿನಾ ಬೆಳಗ್ಗೆ ಅವಳ ತಲೆ ಬಾಚಿ ಜಡೆ ಹಾಕಿ ಕೆಲಸಕ್ಕೆ ಹೋಗುತ್ತಿದ್ದಳು.

ಆಸ್ಪತ್ರೆಯಿಂದ ಬಿಡುವ ದಿನ ಕೊಟ್ಟ ಕಾಗದವನ್ನು ನಾದಿನಿಯೇ ಓದಿದಳು. ಓದುತ್ತಾ ಒಂದು ಕಡೆ ನಿಂತಳು.

"ಅತ್ತಿಗೆ, ನೀವು ಮೆಟ್ಟಿಲಿಂದ ಜಾರಿ ಬಿದ್ರಾ?"

"ಯಾರು ಹೇಳಿದ್ದು?"

"ಇಲ್ಲಿ ಬರೆದಿದೆ. ನೀರು ತರಲು ಹೋಗುವಾಗ ಅಜಾಗರೂಕತೆಯಿಂದ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದು ಅಂತ. ಕರೆತಂದವರ ಹೇಳಿಕೆ ಅಂತಲೂ ಇದೆ."

ಕರೆತಂದದ್ದು ಮೇಸ್ತ್ರಿ. ಅವಳಿಗೆ ನೋವಿನ ಮಾತ್ರೆಯ ಮಂಪರು ಒಂದೇ ಏಟಿಗೆ ಇಳಿದುಹೋಯಿತು. ಎಲುಬು ಮುರಿದದ್ದಕ್ಕೆ ಬಂದಿರದ ಸಿಟ್ಟು ಆ ಒಂದು ಸಾಲಿಗೆ ಬಂತು. ಕಾಲು ಜಾರಿ. ಎಣ್ಣೆ ಚೆಲ್ಲಿದ ಗ್ರಾನೈಟಿನ ಮೇಲೂ, ಪಾಚಿ ಕಟ್ಟಿದ ತಾರಸಿಯ ಮೇಲೂ, ಟೈಲ್ಸಿನ ಪೆಟ್ಟಿಗೆ ಹೊತ್ತು ಒಂದೇ ಹಲಗೆಯ ಮೇಲೂ ನಡೆದವಳು. ಅವಳು ನೆಲದ ಜೊತೆ ಹದಿನಾರು ವರ್ಷ ಬಾಳಿದ್ದಾಳೆ, ಗಂಡನ ಜೊತೆ ಹದಿಮೂರೇ. ಅವಳನ್ನು ಜಾರಿಸಿ ಬೀಳಿಸಿಬಿಟ್ಟಿದ್ದರು, ಕಾಗದದ ಮೇಲೆ.

ಮನೆಗೆ ಬಂದವಳೇ ಎಡಗೈಯಲ್ಲಿ ಮೇಸ್ತ್ರಿಗೆ ಫೋನು ಮಾಡಿದಳು. ಅವನು ಮೊದಲು ಹೇಗಿದ್ದೀಯಮ್ಮ ಅಂತ ಕೇಳಿದ, ಆಮೇಲೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೇನೋ ಹೇಳಿದ. ಕಂಪನಿಯ ಕಚೇರಿಯಿಂದಲೇ ಹಾಗೆ ಹೇಳು ಅಂದಿದ್ದರಂತೆ. ಕಟ್ಟಡದ ಅಪಘಾತದ ಪುಸ್ತಕದಲ್ಲೂ ಹಾಗೇ ಬರೆದಾಗಿದೆಯಂತೆ. ಬಾಲ್ಕನಿಗೆ ಕಂಬಿ ಇರಲಿಲ್ಲ, ಕೆಳಗೆ ಬಲೆ ಇರಲಿಲ್ಲ ಅಂತ ಹೊರಗೆ ಗೊತ್ತಾದರೆ ಕೆಲಸವೇ ನಿಂತುಹೋಗುತ್ತದಂತೆ, ಪಾಪ ಆ ಹುಡುಗ ಎಂಜಿನಿಯರನ ನೌಕರಿಯೂ ಹೋಗುತ್ತದಂತೆ. ತಲೆಗೆ ಬಂದದ್ದು ತಲೆಪಾಗಿಗೆ ಹೋಯ್ತು ಅಂದ್ಕೋ ಅಂದ.

"ನನ್ನ ಹೆಗಲು ತಲೆಪಾಗಿ ಅಲ್ಲ ಮೇಸ್ತ್ರಿ," ಅಂದು ಫೋನು ಇಟ್ಟಳು.

ಗಂಡ ಕೇಳಿಸಿಕೊಂಡು ನಿಂತಿದ್ದ. ದೊಡ್ಡವರ ಜೊತೆ ಗುದ್ದಾಡಿ ಏನು ಬಂತು, ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದಾ, ಹುಷಾರಾಗು ಸಾಕು ಅಂದ. ರಾತ್ರಿ ಊಟಕ್ಕೆ ತುತ್ತು ಕಲಸಿ ಕೊಡಲು ಅವನು ಬಂದಾಗ ಅವಳು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಎಡಗೈಯಲ್ಲಿ ಅರ್ಧ ಬಾಯಿಗೆ, ಅರ್ಧ ಮಡಿಲಿಗೆ ಅಂತ ಉಂಡಳು.

ಹೊಲಿಗೆ ಬಿಚ್ಚಿಸಲು ಹೋದ ದಿನ ಎರಡನೆಯ ಬರೆ ಬಿತ್ತು. ಎಲುಬಿನ ಡಾಕ್ಟರ ಕೋಣೆಯ ಹೊರಗೆ ಉದ್ದ ಬೆಂಚು. ಕಾಲಿಗೆ ಪಟ್ಟಿ ಹಾಕಿಸಿಕೊಂಡವರು, ಕೈಗೆ ಜೋಲಿ ಕಟ್ಟಿಕೊಂಡವರು, ಎಲ್ಲರೂ ಫೋನಿನಲ್ಲಿ ಮುಳುಗಿದ್ದರು. ಪಕ್ಕದಲ್ಲಿ ಕೂತಿದ್ದ ಒಬ್ಬಾಕೆ ವಿಡಿಯೋ ನೋಡಿ ನಕ್ಕಳು, ಇನ್ನೊಮ್ಮೆ ಹಾಕಿದಳು, ಮತ್ತೆ ನಕ್ಕಳು. ಮೂರನೇ ಸಲಕ್ಕೆ ಇವಳ ಮೈ ಜುಮ್ಮಂತು. ಆ ಫೋನಿನೊಳಗಿಂದ ಬರುತ್ತಿದ್ದದ್ದು ಇವಳದೇ ಕೂಗು.

ತಂಗೀ, ಏನದು, ಸ್ವಲ್ಪ ತೋರಿಸು ಅಂದಳು. ಆಕೆ ಸಂತೋಷವಾಗಿಯೇ ತೋರಿಸಿದಳು. ಹನ್ನೆರಡು ಸೆಕೆಂಡಿನ ವಿಡಿಯೋ. ಮೊದಲು ಮೇಲಿಂದ ಕಾಣುವ ಬೀದಿ, ಆಮೇಲೆ ಆಕಾಶ, ಗೋಡೆ, ಆಕಾಶ, ಗೋಡೆ ಗಿರಗಿರ ತಿರುಗಿ, ದಡ್ ಅನ್ನುವ ಸದ್ದು, ಅಮ್ಮಾ ಅನ್ನುವ ಕೂಗು. ಕೂಗು ಮುಗಿಯುತ್ತಲೇ ತಮಾಷೆಯ ಸಂಗೀತ. ಕೊನೆಗೆ ದೊಡ್ಡ ಅಕ್ಷರ: ಐದನೇ ಮಹಡಿಯಿಂದ ಬಿದ್ದರೂ ಫೋನಿಗೆ ಏನೂ ಆಗಿಲ್ಲ. ಕೆಳಗೆ ಒಂದು ಕವರಿನ ಅಂಗಡಿಯ ವಿಳಾಸ. ಫೋನೇ ಅಮ್ಮಾ ಅಂದ ಹಾಗಿದೆ ಅಲ್ವಾ ಅಕ್ಕ, ಅದಕ್ಕೇ ನಗು ಬರೋದು ಅಂದಳು ಆಕೆ. ನಮ್ಮ ಮನೆಯಲ್ಲಿ ಮಕ್ಕಳು ಏನು ಬಿದ್ದರೂ ಈಗ ಹೀಗೇ ಕೂಗುತ್ತಾರೆ ಅಂತಲೂ ಸೇರಿಸಿದಳು.

ಇವಳು ಮುಖ ತಿರುಗಿಸಿಕೊಂಡಳು. ಬಾಯಿ ತೆರೆದರೆ ಆಸ್ಪತ್ರೆಯ ಛಾವಣಿ ಹಾರಿಹೋಗುತ್ತದೆ ಅನಿಸಿತು. ಹೊಲಿಗೆ ಬಿಚ್ಚುವಾಗ ನರ್ಸು ನೋಯುತ್ತಾ ಅಂತ ಎರಡು ಸಲ ಕೇಳಿದಳು. ಹಲ್ಲು ಕಚ್ಚಿ ಕೂತಿದ್ದವಳು ಇಲ್ಲ ಅಂದಳು.

ಆ ಸಂಜೆ ನಾದಿನಿ ಆ ವಿಡಿಯೋ ಹುಡುಕಿ ತೆಗೆದಳು. ನೋಡಿದವರ ಲೆಕ್ಕ ಲಕ್ಷ ದಾಟಿತ್ತು. ಎಂಜಿನಿಯರ್ ತನ್ನ ಹೆಸರಲ್ಲೇ ಹಾಕಿದ್ದ. ಅವನಿಂದ ಅಂಗಡಿಯವನು ತಗೊಂಡಿದ್ದ, ಅಂಗಡಿಯವನಿಂದ ಊರೆಲ್ಲ. ನಾದಿನಿ ಒಂದೇ ಸಲ ನೋಡಿ ಫೋನು ಮುಚ್ಚಿಟ್ಟಳು. ಅಣ್ಣನ ಕಡೆ ತಿರುಗಿ, ಇನ್ನೂ ಹೋಗಲಿ ಬಿಡು ಅಂತೀಯಾ ಅಂತ ಕೇಳಿದಳು. ಅಣ್ಣ ಎದ್ದು ಹೊರಗೆ ಹೋದ. ಅರ್ಧ ಗಂಟೆ ಬಿಟ್ಟು ಬಂದು, ನಾಳೆ ರಜ ಹಾಕಲಾ ಅಂದ. ಬೇಡ, ನೀವು ಬಂದರೆ ಆ ಕವರಿನ ಅಂಗಡಿಯವನಿಗೂ ಸಮಾಧಾನ ಹೇಳುತ್ತೀರಿ, ನಾವಿಬ್ಬರೇ ಹೋಗುತ್ತೇವೆ ಅಂದಳು ಅವಳು.

ಅಂಗಡಿ ಪೇಟೆಯ ನಡುಮಧ್ಯ. ಮೇಲಿಂದ ಕೆಳಗಿನ ತನಕ ಕವರುಗಳು ನೇತಾಡುತ್ತಿದ್ದವು. ಹೂವಿನವು, ಹುಲಿಯವು, ಕಿವಿ ಇದ್ದವು, ಬಾಲ ಇದ್ದವು, ಕನ್ನಡಿಯವು. ಬಾಗಿಲ ಪಕ್ಕ ಬೀದಿಗೆ ಮುಖ ಮಾಡಿ ಒಂದು ದೊಡ್ಡ ಟಿವಿ, ಅದರಲ್ಲಿ ಅದೇ ವಿಡಿಯೋ ಸುತ್ತಿ ಸುತ್ತಿ ಬರುತ್ತಿತ್ತು. ಹನ್ನೆರಡು ಸೆಕೆಂಡಿಗೊಮ್ಮೆ ಅಮ್ಮಾ. ಅಂಗಡಿಯವನು ದುಂಡು ಮುಖದ, ಮಾತಿನ ಮಲ್ಲ. ಅವಳ ಕೈಯ ಜೋಲಿ ನೋಡಿ ಸ್ಟೂಲು ಕೊಟ್ಟು ಕೂರಿಸಿದ. ಯಾವ ಫೋನಿಗಮ್ಮ ಅಂತ ಕೇಳಿದ. ಟಿವಿಯಲ್ಲಿ ತೋರಿಸುತ್ತಿರುವ ಕವರೇ ಬೇಕು ಅಂದಳು. ಅವನು ತೆಗೆದುಕೊಟ್ಟ. ಅವಳು ಅದರ ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು. ರಬ್ಬರಿನೊಳಗೆ ಕಲ್ಲಿನಂಥದ್ದೇನೋ ಇತ್ತು.

"ಇದು ಮೇಲಿಂದ ಬಿದ್ದದ್ದು ಯಾವುದರ ಮೇಲೆ?"

"ಮರಳ ಮೇಲೆ ಅಮ್ಮ. ಐದು ಮಹಡಿ. ಒಂದು ಗೀರು ಇಲ್ಲ."

"ಮರಳು ಅಮ್ಮಾ ಅಂತ ಕೂಗುತ್ತಾ?"

ಅವನು ನಕ್ಕ. ಅದೊಂದು ಸೌಂಡು ಅಮ್ಮ, ತಮಾಷೆಗೆ ಅಂದ. ಅವಳು ಕವರನ್ನು ಗಾಜಿನ ಮೇಲೆ ಇಟ್ಟು, ಅಂಗಿಯ ಕತ್ತನ್ನು ಎರಡು ಬೆರಳಿನಷ್ಟು ಸರಿಸಿ ಹೊಲಿಗೆಯ ಗುರುತು ತೋರಿಸಿದಳು. ಅದು ಸೌಂಡಲ್ಲ, ನಾನು ಅಂದಳು. ಅವನ ನಗು ಮುಖದಲ್ಲೇ ಎಲ್ಲೋ ಸಿಕ್ಕಿಹಾಕಿಕೊಂಡಿತು.

ಟಿವಿ ನಿಲ್ಲಿಸು ಅಂದಳು. ನಿಲ್ಲಿಸುತ್ತೇನೆ, ಮಾಲೀಕರನ್ನು ಒಂದು ಮಾತು ಕೇಳಬೇಕು ಅಂದ. ಕೇಳು, ಅಲ್ಲಿಯ ತನಕ ನಾನು ಇಲ್ಲೇ ಇರುತ್ತೇನೆ ಅಂದಳು. ಅದೇ ಹೊತ್ತಿಗೆ ಇಬ್ಬರು ಹುಡುಗಿಯರು ಕವರು ಕೇಳಿಕೊಂಡು ಬಂದರು. ಅವಳು ಎದ್ದು ಹೋಗಿ ಅವರ ಪಕ್ಕ ನಿಂತಳು. ದನಿ ಏರಿಸಲಿಲ್ಲ. ಆ ಟಿವಿಯಲ್ಲಿ ಕೂಗುತ್ತಿರುವವಳು ನಾನು, ಆ ಫೋನು ಬಿದ್ದದ್ದು ನನ್ನ ಮೇಲೆ, ಎಲುಬು ಎರಡು ತುಂಡಾಯ್ತು, ಒಳಗೆ ಆರು ಸ್ಕ್ರೂ ಇದೆ, ಅದನ್ನು ಹಾಕಿ ಇವರು ಕವರು ಮಾರುತ್ತಿದ್ದಾರೆ ಅಂದಳು. ಹುಡುಗಿಯರು ಟಿವಿ ನೋಡಿದರು, ಅವಳ ಹೆಗಲು ನೋಡಿದರು, ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ಹೋದರು. ಆಮೇಲೆ ಒಬ್ಬ ಮುದುಕ ಬಂದ. ಅವನಿಗೂ ಅಷ್ಟನ್ನೇ ಹೇಳಿದಳು. ಗಂಡಹೆಂಡತಿ ಬಂದರು, ಅವರಿಗೂ ಅಷ್ಟೇ. ಒಂದು ಗಂಟೆಯಲ್ಲಿ ಹದಿನಾಲ್ಕು ಜನಕ್ಕೆ ಹೇಳಿದಳು. ನಾದಿನಿ ಬಾಗಿಲಲ್ಲಿ ನಿಂತು ಒಳಗೆ ಬರುವವರಿಗೆ ದಾರಿ ಬಿಡುತ್ತಿದ್ದಳು, ಮದುವೆ ಮನೆಯಲ್ಲಿ ನೆಂಟರನ್ನು ಬರಮಾಡಿಕೊಳ್ಳುವ ಹಾಗೆ.

ಅಂಗಡಿಯವನು ಟಿವಿ ಆರಿಸಿದ. ಕೈ ಮುಗಿದ. ಆಮೇಲೆ ಪೊಲೀಸರನ್ನು ಕರೆಯುತ್ತೇನೆ ಅಂದ. ಕರಿ, ಅವರಿಗೂ ಇದನ್ನೇ ಹೇಳುತ್ತೇನೆ ಅಂದಳು. ಕೊನೆಗೆ ಅವನು ಸುಸ್ತಾಗಿ ಅವಳೆದುರಿಗಿನ ಸ್ಟೂಲಿನಲ್ಲೇ ಕೂತು, ತನಗೆ ನಿಜವಾಗಿಯೂ ಗೊತ್ತಿರಲಿಲ್ಲ, ಎಂಜಿನಿಯರ್ ಸಾಹೇಬರು ಯಾರಿಗೋ ಸ್ವಲ್ಪ ತಾಗಿತು ಅಂದಿದ್ದರು ಅಷ್ಟೇ, ಅವರು ಕಳಿಸಿದ ಪೂರ್ತಿ ವಿಡಿಯೋ ಉದ್ದ ಇತ್ತು, ಮೊದಲ ಹನ್ನೆರಡು ಸೆಕೆಂಡು ಕತ್ತರಿಸಿ ಸಂಗೀತ ಹಾಕಿದ್ದೂ ಅವರೇ, ತಾನು ಅಂಗಡಿಯ ವಿಳಾಸ ಮಾತ್ರ ಸೇರಿಸಿದ್ದು ಅಂದ.

ನಾದಿನಿ ಬಾಗಿಲಿಂದ ಒಳಗೆ ಬಂದಳು. "ಪೂರ್ತಿ ವಿಡಿಯೋ ಇದೆಯಾ?"

ಇತ್ತು. ಕೊಡುವುದಿಲ್ಲ ಅನ್ನಲು ಅವನಿಗೆ ಧೈರ್ಯ ಉಳಿದಿರಲಿಲ್ಲ. ಅಷ್ಟರಲ್ಲಿ ಹದಿನೈದನೆಯವನು ಬಾಗಿಲಲ್ಲಿ ನಿಂತಿದ್ದ.

ಅಂಗಡಿಯ ಮೂಲೆಯಲ್ಲೇ ನಿಂತು ಅವಳು ಅದನ್ನು ನೋಡಿದಳು. ಒಂದು ನಿಮಿಷ ಹತ್ತು ಸೆಕೆಂಡು. ಕೂಗಿನ ತನಕ ಗೊತ್ತಿದ್ದದ್ದೇ. ಅದಾದ ಮೇಲೆ ಫೋನು ಪುಟಿದು ಪಕ್ಕದ ಮರಳಿನಲ್ಲಿ ಮೇಲ್ಮುಖವಾಗಿ ಬಿದ್ದಿದೆ, ಕಟ್ಟಡ ತಲೆಕೆಳಗಾಗಿ ಕಾಣುತ್ತದೆ. ಅಂಚಿನಲ್ಲಿ ಅವಳ ಹೆಲ್ಮೆಟ್ಟು, ಅಲುಗಾಡುತ್ತಿರುವ ಎಡಗೈ. ಓಡಿ ಬರುವ ಸದ್ದು. ಮೇಲಿಂದ ಎಂಜಿನಿಯರನ ದನಿ, ಗಾಬರಿಯಾಗಿ: ಫೋನ್ ಎಲ್ಲಿ, ಫೋನಿಗೆ ಏನಾಯ್ತು ನೋಡಿ. ಆಮೇಲೆ ಒಂದು ಕೈ ಬಂದು ಫೋನನ್ನು ಎತ್ತಿಕೊಳ್ಳುತ್ತದೆ. ಎತ್ತಿದವನ ಮುಖ ಪರದೆಯ ತುಂಬ. ಕವರನ್ನು ಅಂಗಿಗೆ ಒರೆಸಿ, ತಿರುಗಿಸಿ ನೋಡಿ, ಕತ್ತೆತ್ತಿ ಮೇಲಕ್ಕೆ ಕೂಗಿ ಹೇಳುತ್ತಾನೆ: ಏನೂ ಆಗಿಲ್ಲ ಸರ್, ಒಂದು ಗೀರೂ ಇಲ್ಲ.

ಮೇಸ್ತ್ರಿ.

ಇಷ್ಟು ದಿನವೂ ಅವಳು ಅಂದುಕೊಂಡದ್ದು ಬೇರೆ. ಮೊದಲು ಓಡಿ ಬಂದದ್ದು ಮೇಸ್ತ್ರಿಯೇ ಇರಬೇಕು, ಎತ್ತಿದ್ದು ಅವನೇ ಇರಬೇಕು, ಆಸ್ಪತ್ರೆಯ ಸುಳ್ಳು ಕಂಪನಿಯವರ ಒತ್ತಾಯಕ್ಕೆ ಹೇಳಿದ್ದಿರಬೇಕು ಅಂತ ಅವಳೊಳಗೆ ಅವನ ಪರವಾಗಿ ಒಬ್ಬಳು ವಾದಿಸುತ್ತಲೇ ಇದ್ದಳು. ಮೊದಲು ಓಡಿ ಬಂದದ್ದು ಅವನೇ ಹೌದು. ಹನ್ನೊಂದು ವರ್ಷದ ಕೆಲಸದವಳನ್ನು ದಾಟಿಕೊಂಡು ಹೋಗಿ ಫೋನು ಎತ್ತಿದ್ದ. ಅವಳಿಗೆ ಆ ಹೊತ್ತು ಮೈಯೆಲ್ಲ ತಣ್ಣಗಾಯಿತು. ಸಿಟ್ಟು ಉರಿಯುತ್ತದೆ ಅಂತ ತಿಳಿದಿದ್ದಳು, ಅದು ಹೀಗೆ ಹೆಪ್ಪುಗಟ್ಟಿಯೂ ಇರುತ್ತದೆ ಅಂತ ಗೊತ್ತಿರಲಿಲ್ಲ.

ನಾದಿನಿ ಆ ರಾತ್ರಿಯೇ ಅರ್ಜಿ ಬರೆದಳು. ಬೇರೆಯವರ ಅರ್ಜಿ ಟೈಪು ಮಾಡಿ ಮಾಡಿ ಅವಳ ಭಾಷೆ ಕಚೇರಿಯ ಭಾಷೆಯೇ ಆಗಿಹೋಗಿತ್ತು. ಸದರಿ ಫೋನು ಸದರಿ ಹೆಗಲಿನ ಮೇಲೆ ಅಂತೆಲ್ಲ ಓದಿದಾಗ ಗಂಡನಿಗೆ ನಗು ಬಂತು. ಹೆಂಡತಿಯ ಮುಖ ನೋಡಿ ನುಂಗಿಕೊಂಡ. ಆದರೆ ಮರುದಿನ ರಜ ಹಾಕಿ ಕಾರ್ಮಿಕ ಇಲಾಖೆಯ ಕಚೇರಿಗೆ ಅವನೂ ಬಂದ. ಸಮಾಧಾನ ಹೇಳುವುದಿಲ್ಲ, ಅರ್ಜಿ ಹಿಡಿದುಕೊಂಡು ಬರುತ್ತೇನೆ ಅಷ್ಟೇ ಅಂದ.

ಅಲ್ಲಿನ ಅಧಿಕಾರಿ ನರೆಗೂದಲಿನ ಹೆಂಗಸು. ಮೊದಲು ಬೇಸರದಲ್ಲೇ ಕಾಗದ ನೋಡಿದರು. ಎಲ್ಲರೂ ಹೀಗೇ ಹೇಳುತ್ತಾರಮ್ಮ, ಪುಸ್ತಕದಲ್ಲಿ ಜಾರಿ ಬಿದ್ದದ್ದು ಅಂತಿದೆ, ಸಾಕ್ಷಿ ಬೇಕಲ್ಲ ಅಂದರು. ಸಾಕ್ಷಿ ಊರೆಲ್ಲ ನೋಡಿ ನಗುತ್ತಿದೆ ಮೇಡಂ ಅಂತ ಅವಳು ಫೋನು ಮುಂದಿಟ್ಟಳು. ಅಧಿಕಾರಿ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಆಮೇಲೆ ಇನ್ನೊಮ್ಮೆ ನೋಡಿದರು. ಈ ಹನ್ನೆರಡು ಸೆಕೆಂಡನ್ನು ನಾನೂ ನೋಡಿದ್ದೆ, ಮೊಮ್ಮಗಳು ತೋರಿಸಿದ್ದಳು ಅಂದರು, ಬಹಳ ಮೆಲ್ಲಗೆ. ನಾನೂ ನಕ್ಕಿದ್ದೆ ಅಂತ ಹೇಳಲಿಲ್ಲ. ಹೇಳದಿದ್ದರೂ ತಿಳಿಯಿತು.

ಹತ್ತು ದಿನಕ್ಕೆ ವಿಚಾರಣೆ. ಕಂಪನಿಯಿಂದ ಒಬ್ಬ ವಕೀಲ, ಎಂಜಿನಿಯರ್, ಮೇಸ್ತ್ರಿ ಬಂದಿದ್ದರು. ಕೆಲಸಗಾರ್ತಿಯ ನಿರ್ಲಕ್ಷ್ಯ ಅಂತ ವಕೀಲ ಶುರುಮಾಡಿದ. ಅಧಿಕಾರಿ ಅವನನ್ನು ತಡೆಯಲಿಲ್ಲ, ಪೂರ್ತಿ ಹೇಳಲು ಬಿಟ್ಟರು, ಬರೆದುಕೊಂಡರು, ಸಹಿ ಹಾಕಿಸಿಕೊಂಡರು. ಆಮೇಲೆ ಗೋಡೆಯ ಮೇಲಿನ ಪರದೆಯಲ್ಲಿ ವಿಡಿಯೋ ಹಾಕಿಸಿದರು, ದನಿ ಜೋರಾಗಿ. ಕೋಣೆಯಲ್ಲಿ ಮೇಸ್ತ್ರಿಯ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ಒಂದು ಗೀರೂ ಇಲ್ಲ ಸರ್ ಅಂತು. ಕುರ್ಚಿಯಲ್ಲಿ ಕೂತಿದ್ದ ಮೇಸ್ತ್ರಿ ನೆಲ ನೋಡುತ್ತಿದ್ದ. ವಕೀಲ ತನ್ನ ಕಾಗದಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ.

ಪುಸ್ತಕದ ಸಾಲು ಹೊಡೆದುಹಾಕಿ ಅಧಿಕಾರಿಯ ಎದುರೇ ಹೊಸ ಸಾಲು ಬರೆಸಿದರು. ಕಂಬಿ ಇಲ್ಲದ ಬಾಲ್ಕನಿ, ಇಲ್ಲದ ಬಲೆ, ಕೈ ಜಾರಿದ ಫೋನು ಎಲ್ಲವೂ ಬಂದವು. ಯಾರ ಕೈ ಅಂತಲೂ ಬರೆಯಿರಿ ಅಂದಳು ಅವಳು. ಬರೆದರು. ಆಸ್ಪತ್ರೆಯ ಖರ್ಚು, ಕೆಲಸವಿಲ್ಲದ ತಿಂಗಳುಗಳ ಕೂಲಿ ಕಂಪನಿ ಕೊಡಬೇಕು ಅಂತ ಆಜ್ಞೆಯಾಯಿತು. ಕಟ್ಟಡದ ಕೆಲಸ ಮೂರು ವಾರ ನಿಂತಿತು.

ಹೊರಗೆ ವರಾಂಡದಲ್ಲಿ ಎಂಜಿನಿಯರ್ ಅವಳ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು. ವಿಡಿಯೋ ತೆಗೆದುಹಾಕಿದ್ದೇನೆ ಅಕ್ಕ, ನಿಮಗಿಷ್ಟು ನೋವಾಗಿದೆ ಅಂತ ಗೊತ್ತಾಗಲಿಲ್ಲ, ಅವತ್ತು ಗಾಬರಿಯಲ್ಲಿ ಏನೋ ಆಗಿಹೋಯಿತು, ಕ್ಷಮಿಸಿ ಅಂದ. ಅವನು ತೆಗೆದುಹಾಕಿದರೇನು, ಅದು ಆಗಲೇ ಸಾವಿರ ಕಡೆ ಹರಡಿಹೋಗಿತ್ತು. ಆ ಬೆಳಗ್ಗೆ ಬಸ್ಸಿನಲ್ಲಿ ಯಾರದೋ ಫೋನಿಗೆ ಕರೆ ಬಂದಾಗ ಅವಳ ಕೂಗೇ ಬಂದಿತ್ತು.

"ಗಾಬರಿ ಒಂದು ದಿನದ್ದು ಸರ್," ಅಂದಳು. "ವಿಡಿಯೋ ಹಾಕಿದ್ದು ಮೂರು ದಿನ ಬಿಟ್ಟು. ಅಷ್ಟೊತ್ತಿಗೆ ನನ್ನ ಎಲುಬಿಗೆ ಸ್ಕ್ರೂ ಹಾಕಿ ಆಗಿತ್ತು. ನೀವು ಕೂತು ಅದಕ್ಕೆ ಸಂಗೀತ ಹುಡುಕಿದ್ದೀರಿ."

ಅವನು ಮತ್ತೇನೋ ಹೇಳಲು ಹೊರಟ. ಅವಳು ಕಾಯಲಿಲ್ಲ.

ಮೇಸ್ತ್ರಿ ಮನೆಗೆ ಬಂದದ್ದು ಅದಾಗಿ ಎರಡು ವಾರಕ್ಕೆ. ಅವಳ ಸಾಮಾನು ಕಟ್ಟಡದಲ್ಲೇ ಉಳಿದಿತ್ತು. ಒಂದು ಗೋಣಿಯಲ್ಲಿ ಹಾಕಿ ತಂದಿದ್ದ. ಕರಣೆ, ಸುತ್ತಿಗೆ, ಟೈಲ್ಸ್ ಕತ್ತರಿಸುವ ಕಟ್ಟರು, ದಾರದ ಉಂಡೆ ಎಲ್ಲವನ್ನೂ ತೊಳೆದು, ಕಟ್ಟರಿನ ಚಕ್ರಕ್ಕೆ ಎಣ್ಣೆ ಬಿಟ್ಟಿದ್ದ. ಗಂಡ ಕುರ್ಚಿ ಕೊಟ್ಟು, ಟೀ ಮಾಡುವ ನೆಪದಲ್ಲಿ ಒಳಗೆ ಹೋದ. ಮೇಸ್ತ್ರಿ, ತನಗೂ ವಯಸ್ಸಾಯಿತು, ಮೇಲಿನವರ ದನಿ ಕೇಳಿದರೆ ಮೈ ತಾನೇ ಓಡುತ್ತದೆ, ಅವತ್ತು ಸಾಹೇಬರು ಫೋನ್ ಅಂತ ಕೂಗಿದ್ದಕ್ಕೆ ಕೈ ಅದರ ಕಡೆಗೇ ಹೋಯಿತು, ಬೇಕಂತ ಮಾಡಿದ್ದಲ್ಲ ಅಂದ. ಸುಳ್ಳಾಡುತ್ತಿದ್ದಾನೆ ಅಂತ ಅವಳಿಗೆ ಅನಿಸಲಿಲ್ಲ. ಅದೇ ಅವಳಿಗೆ ಇನ್ನೂ ಸಿಟ್ಟು ತಂದದ್ದು.

"ಕೈ ಹೋಗಿದ್ದು ಅಭ್ಯಾಸಕ್ಕೆ ಅಂತಲೇ ಇಟ್ಕೊಳ್ಳೋಣ," ಅಂದಳು. "ಆಸ್ಪತ್ರೇಲಿ ನಾಲಿಗೆ ಹೋಗಿದ್ದು?"

ಅವನು ಗೋಣಿಯ ಬಾಯಿಯ ದಾರವನ್ನು ಎಳೆದು ಬಿಗಿ ಮಾಡಿದ.

"ಹನ್ನೊಂದು ವರ್ಷ ನಿಮ್ಮ ಹೆಸರು ಹೋಗಬಾರದು ಅಂತ ಎಷ್ಟು ನೆಲ ಕಿತ್ತು ಮತ್ತೆ ಹಾಕಿದ್ದೀನಿ, ನಿಮಗೇ ಗೊತ್ತು. ಕೂಲಿ ಕೇಳದೆ. ನಾನು ಜಾರಿ ಬಿದ್ದೆ ಅಂತ ಹೇಳಬೇಕಾದರೆ ಅದರಲ್ಲಿ ಒಂದು ನೆಲನಾದ್ರೂ ನೆನಪಾಗಲಿಲ್ವಾ?"

ಮೇಸ್ತ್ರಿ ಕಣ್ಣೊರೆಸಿಕೊಂಡ. ಕೈ ಸರಿಯಾದ ಮೇಲೆ ಬಾ, ನಿನ್ನ ಜಾಗ ಹಾಗೇ ಇರುತ್ತದೆ ಅಂದ. ಬರುವುದಿಲ್ಲ ಅಂದಳು. ಒಳಗಿಂದ ಟೀ ಬಂತು. ಅವನು ಕುಡಿದು, ಲೋಟವನ್ನು ತಾನೇ ಬಾಗಿಲ ಪಕ್ಕ ಇಟ್ಟು ಎದ್ದು ಹೋದ. ಗಂಡ, ಪಾಪ ಅತ್ತುಬಿಟ್ಟನಲ್ಲ ಅಂದ. ಅಳಲಿ, ನಾನೂ ಅತ್ತಿದ್ದೇನೆ ಅಂದಳು. ಆಮೇಲೆ ಗೋಣಿ ಬಿಚ್ಚಿ ಕರಣೆಯನ್ನು ಬಲಗೈಯಲ್ಲಿ ಹಿಡಿದು ನೋಡಿದಳು. ಹೆಗಲಿನ ಮಟ್ಟದ ತನಕ ಎತ್ತಲು ಬಂತು, ಅದರ ಮೇಲಕ್ಕೆ ಬರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಅವಳಿಗೆ ಬೇರೊಬ್ಬ ಮೇಸ್ತ್ರಿಯ ಕಡೆ ಕೆಲಸ ಸಿಕ್ಕಿತು. ಶಾಲೆಯ ಕಟ್ಟಡ, ನಾಲ್ಕು ಮಹಡಿ. ದೊಡ್ಡ ಚಪ್ಪಡಿಗಳಿಗೆ ಇನ್ನು ಕೈ ಆಗದು, ಚಿಕ್ಕ ಟೈಲ್ಸ್ ಕೊಡಿ ಅಂತ ಮೊದಲೇ ಹೇಳಿದ್ದಳು. ಒಪ್ಪಿದ್ದರು. ಬೆಳಗ್ಗೆ ಎಂಟಕ್ಕೆ ಗೇಟಿನೊಳಗೆ ಬಂದವಳು ಮೊದಲು ಕತ್ತೆತ್ತಿ ನೋಡಿದಳು. ಮೂರನೇ ಮಹಡಿಯ ಅಂಚಿನಲ್ಲಿ ಬಣ್ಣದವರು ನಿಂತಿದ್ದರು. ಕೆಳಗೆ ಬಲೆ ಇರಲಿಲ್ಲ. ಹೊಸ ಮೇಸ್ತ್ರಿಯನ್ನು ಕರೆದು ಕೇಳಿದಳು. ಬಲೆ ಗೋದಾಮಿನಲ್ಲಿದೆ, ನಾಳೆ ಕಟ್ಟಿಸೋಣ, ನೀನು ಶುರುಮಾಡು ಅಂದ ಅವನು, ನಗುತ್ತಾ.

ಅವಳು ಗೋಣಿಯನ್ನು ಗೇಟಿನ ಪಕ್ಕ ಇಳಿಸಿ ಅದರ ಮೇಲೆಯೇ ಕೂತಳು. ಒಂಬತ್ತಾಯಿತು. ಹೊಸ ಮೇಸ್ತ್ರಿ ಒಂದು ಸಲ ಬಂದು ಬೈದು ಹೋದ. ಸಿಮೆಂಟು ಹೊರುತ್ತಿದ್ದ ಇಬ್ಬರು ಹೆಂಗಸರು ಏನಾಯಿತು ಅಂತ ಕೇಳಿ, ಕೇಳಿದ ಮೇಲೆ ಅವರೂ ಬಾಣಲೆ ಮಗುಚಿಟ್ಟು ಪಕ್ಕದಲ್ಲಿ ಕೂತರು. ಹತ್ತಕ್ಕೆ ಗಾರೆಯವನೊಬ್ಬ ಬಂದು ಕೂತ. ಹತ್ತೂವರೆಗೆ ಹೊಸ ಮೇಸ್ತ್ರಿ ಯಾರಿಗೋ ಫೋನು ಮಾಡಿ ಏನೋ ಗೊಣಗಿದ. ಹನ್ನೊಂದು ಹೊಡೆಯುವಷ್ಟರಲ್ಲಿ ಹಸಿರು ಬಲೆಯ ಸುರುಳಿ ಗೋದಾಮಿನಿಂದ ಬಂತು. ಅದನ್ನು ನಾಲ್ಕೂ ಕಡೆ ಬಿಗಿದು ಕಟ್ಟುವ ತನಕ ಅವಳು ಎದ್ದೇಳಲಿಲ್ಲ. ಕಟ್ಟಿದ ಮೇಲೆ ಹೋಗಿ, ಒಂದೊಂದು ಗಂಟನ್ನೂ ಎಡಗೈಯಲ್ಲಿ ಎಳೆದು ನೋಡಿ, ಆಮೇಲೆ ಮಂಡಿಯೂರಿ ಕೆಲಸಕ್ಕೆ ಕೂತಳು.